ಅರವತ್ತೊಂದು ಮನೆ

ಬ್ಲೌಸಿನ ಅಳತೆ ತೆಗೆಯುವ ಟೇಪು ಹಿಡಿದು ಮನೆಯ ಗೋಡೆ ಅಳೆದವರು ನಿಮ್ಮಲ್ಲಿ ಎಷ್ಟು ಜನ ಇದ್ದೀರೋ ನನಗೆ ತಿಳಿಯದು. 2025ರ ನವೆಂಬರಿನ ಒಂದು ಭಾನುವಾರ ನಾನು ಅಳೆದೆ. ಎಲೆಕ್ಟ್ರಾನಿಕ್ ಸಿಟಿಯ ಪಕ್ಕದ ನಮ್ಮ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಬೀರುವಿಗೂ ಬಾಲ್ಕನಿಯ ಬಾಗಿಲಿಗೂ ನಡುವೆ ಉಳಿದಿದ್ದ ಜಾಗ 110 ಸೆಂಟಿಮೀಟರ್. ಅಲ್ಲಿಯವರೆಗೆ ಅಲ್ಲಿ ಅಕ್ಕಿಯ ಡಬ್ಬ, ಹಳೆಯ ಪೇಪರಿನ ಕಟ್ಟು, ಮಳೆಗಾಲದಲ್ಲಿ ಬಟ್ಟೆ ಒಣಹಾಕುವ ಸ್ಟ್ಯಾಂಡು ಇದ್ದವು. ಇನ್ನು ಮುಂದೆ ಅಲ್ಲಿ ಸಂಗೀತ ಇರಬೇಕಾಗಿತ್ತು.

ಮೊಮ್ಮಗಳು ಮೇಘನಾಗೆ ಹದಿಮೂರು ವರ್ಷ. ನಮ್ಮದೇ ಕಟ್ಟಡಗಳ ಸಾಲಿನಲ್ಲಿರುವ ಒಬ್ಬ ಟೀಚರ ಹತ್ತಿರ ಎರಡು ವರ್ಷದಿಂದ ಪಿಯಾನೋ ಕಲಿಯುತ್ತಿದ್ದಾಳೆ. ಮನೆಯಲ್ಲಿ ಅಭ್ಯಾಸ ಮಾಡಲು ವಾದ್ಯ ಬೇಕು. ಟೀಚರು ಹೇಳಿದ್ದು, ‘88 ಕೀ ಇರಲಿ, ಕೀಗಳಿಗೆ ತೂಕ ಇರಲಿ.’ ಮೇಘನಾ ಹೇಳಿದ್ದು, ‘ಬರೀ ಪಿಯಾನೋ ಬೇಡ, ಸಿಂಥಸೈಸರ್ ಬೇಕು. ಸದ್ದನ್ನು ನಾನೇ ಮಾಡಬೇಕು.’ ನನ್ನ ಮಗಳು ಸುಧಾ ಹೇಳಿದ್ದು, ‘ಚಿಕ್ಕದಿರಲಿ, ಹೆಡ್‌ಫೋನ್ ಹಾಕಿಕೊಳ್ಳುವಂತಿರಲಿ. ನನಗೆ ರಾತ್ರಿ ಅಮೆರಿಕದವರ ಜೊತೆ ಮೀಟಿಂಗ್ ಇರುತ್ತೆ.’ ಮೂವರೂ ಹೇಳಿದ್ದು ಸರಿಯೇ. ಮೂವರ ಮಾತೂ ನಡೆಯಬೇಕಾದ ಜಾಗ ಮಾತ್ರ 110 ಸೆಂಟಿಮೀಟರ್.

‘ಅಮ್ಮಾ, ನಿನಗ್ಯಾಕೆ ಈ ತಲೆನೋವು? ಆನ್‌ಲೈನಿನಲ್ಲಿ ಯಾವುದೋ ಒಂದು ತರಿಸಿದರಾಯಿತು’ ಎಂದಳು ಸುಧಾ. ‘ಆ ತಲೆನೋವು ನನಗಿರಲಿ’ ಎಂದೆ. ಅವಳಿಗೆ ಆಶ್ಚರ್ಯವಾಯಿತು. ಸಂಗೀತಕ್ಕೂ ಅಮ್ಮನಿಗೂ ಏನು ಸಂಬಂಧ ಎಂದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಾಗುವಂತೆ ನಾನು ಎಂದೂ ನಡೆದುಕೊಂಡಿರಲಿಲ್ಲ.

ಪಿಯಾನೋಗೂ ಸಿಂಥಸೈಸರಿಗೂ ಏನು ವ್ಯತ್ಯಾಸ ಎಂದು ಮೊದಲು ನಾನೇ ತಿಳಿದುಕೊಳ್ಳಬೇಕಾಯಿತು. ಸುಮಾರು 1700ರಲ್ಲಿ ಇಟಲಿಯ ಫ್ಲಾರೆನ್ಸಿನಲ್ಲಿ ಬಾರ್ತೊಲೊಮಿಯೊ ಕ್ರಿಸ್ತೊಫೊರಿ ಎಂಬಾತ ಕಟ್ಟಿದ ವಾದ್ಯ ಪಿಯಾನೋ. ಕೀ ಒತ್ತಿದರೆ ಒಳಗೆ ಒಂದು ಪುಟ್ಟ ಸುತ್ತಿಗೆ ತಂತಿಗೆ ಬಡಿಯುತ್ತದೆ. ಮೆಲ್ಲಗೆ ಒತ್ತಿದರೆ ಮೆಲುದನಿ, ಜೋರಾಗಿ ಒತ್ತಿದರೆ ಜೋರುದನಿ. ಅದರ ಹೆಸರಿನ ಅರ್ಥವೇ ಅದು: ‘ಪಿಯಾನೋ’ ಎಂದರೆ ಮೆಲ್ಲಗೆ, ‘ಫೋರ್ಟೆ’ ಎಂದರೆ ಜೋರಾಗಿ, ಎರಡೂ ಸೇರಿ ಪಿಯಾನೋಫೋರ್ಟೆ. ಬಾಗಿಲಿನ ಬೆಲ್ಲನ್ನು ಹೇಗೆ ಒತ್ತಿದರೂ ಸದ್ದು ಒಂದೇ. ಕದ ತಟ್ಟಿದರೆ ತಟ್ಟಿದವರ ಸಿಟ್ಟು, ಸಂಕೋಚ ಎಲ್ಲಾ ಒಳಗಿದ್ದವರಿಗೆ ತಿಳಿಯುತ್ತದೆ. ಪಿಯಾನೋ ಕದ ತಟ್ಟುವ ವಾದ್ಯ. ಟೀಚರು ಕೀಗೆ ತೂಕ ಬೇಕು ಎಂದದ್ದು ಅದಕ್ಕೇ. ಬೆರಳು ಸುತ್ತಿಗೆಯ ಭಾರವನ್ನು ಅರಿಯಬೇಕು.

ಸಿಂಥಸೈಸರಿನಲ್ಲಿ ತಂತಿಯಿಲ್ಲ, ಸುತ್ತಿಗೆಯಿಲ್ಲ. ವಿದ್ಯುತ್ತಿನ ಅಲೆಗಳನ್ನು ಕೂಡಿಸಿ, ಕತ್ತರಿಸಿ, ಸೋಸಿ ಸದ್ದನ್ನು ಹೊಸದಾಗಿ ಮಾಡುತ್ತಾರೆ. ಹಲವು ಯಂತ್ರಗಳಲ್ಲಿ ಇನ್ನೊಂದು ಉಪಾಯವೂ ಉಂಟು. ನಿಜವಾದ ಪಿಯಾನೋದ ಸ್ವರಗಳನ್ನು ಮುದ್ರಿಸಿ ಒಳಗೆ ಇಟ್ಟಿರುತ್ತಾರೆ. ಅದಕ್ಕೆ ಸ್ಯಾಂಪಲ್ ಎನ್ನುತ್ತಾರೆ. ನನಗೆ ಅರ್ಥವಾದದ್ದು ಅಡುಗೆಮನೆಯ ಲೆಕ್ಕದಲ್ಲಿ. ಸ್ಯಾಂಪಲ್ ಎಂದರೆ ಉಪ್ಪಿನಕಾಯಿ: ಮಾವಿನಕಾಯಿ ನಿಜವಾದದ್ದೇ, ಆದರೆ ಯಾವತ್ತೋ ಹಾಕಿಟ್ಟದ್ದು. ಸಿಂಥ್ ಎಂದರೆ ಕೈಯಾರೆ ಒಗ್ಗರಣೆ ಹಾಕಿ ಮಾಡಿದ ಸಾರು: ಇವತ್ತಿನ ಕೈಗುಣ ಹೇಗೋ ಹಾಗೆ. ಮೇಘನಾಗೆ ಎರಡೂ ಒಂದೇ ತಟ್ಟೆಯಲ್ಲಿ ಬೇಕಾಗಿತ್ತು.

ಕೀ ಎಂಬುದಕ್ಕೆ ನಮ್ಮಪ್ಪ ‘ಮನೆ’ ಎನ್ನುತ್ತಿದ್ದ. ಬಿಳಿ ಮನೆ, ಕರಿ ಮನೆ. ಹಾರ್ಮೋನಿಯಂ ಹಿಡಿದ ಎಷ್ಟೋ ಜನರ ಬಾಯಲ್ಲಿ ಆ ಮಾತು ಈಗಲೂ ಇದೆ. ನಿಜಕ್ಕೂ ಈ ವಾದ್ಯಗಳ ಚರಿತ್ರೆ ಮನೆಗಳ ಚರಿತ್ರೆಯೇ ಎಂದು ನನಗೆ ಅನ್ನಿಸಿದ್ದು ಟೇಪು ಹಿಡಿದು ನಿಂತಿದ್ದಾಗ. ಯಾರ ಮನೆಯಲ್ಲಿ ಎಷ್ಟು ಜಾಗವಿತ್ತೋ ಅವರಿಗೆ ಅಷ್ಟು ಸಂಗೀತ ಸಿಕ್ಕಿದೆ.

ಪಿಯಾನೋವನ್ನೇ ನೋಡಿ. ನಮ್ಮ ನಾಡಿನಲ್ಲಿ ಅದು ಮೊದಲು ಕಾಲಿಟ್ಟದ್ದು ಅರಮನೆಗೆ, ಬಂಗಲೆಗೆ, ಚರ್ಚಿಗೆ. ಮೈಸೂರಿನ ಜಯಚಾಮರಾಜೇಂದ್ರ ಒಡೆಯರು (1919–1974) ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಪದವಿ ಪಡೆದ ಪಿಯಾನೋ ವಾದಕರು. ರಷ್ಯಾದ ನಿಕೊಲಾಯ್ ಮೆಟ್ನರ್ ಎಂಬ ಸಂಗೀತಗಾರ ಇಳಿವಯಸ್ಸಿನಲ್ಲಿ ಇಂಗ್ಲೆಂಡಿನಲ್ಲಿ ಕಷ್ಟದಲ್ಲಿದ್ದಾಗ, 1940ರ ದಶಕದ ಕೊನೆಯಲ್ಲಿ, ಆತನ ರಚನೆಗಳು ಗ್ರಾಮಫೋನ್ ತಟ್ಟೆಯಾಗಿ ಬರಲು ಹಣ ಕೊಟ್ಟವರು ಅವರೇ. ಮೆಟ್ನರ್ ತನ್ನ ಮೂರನೆಯ ಪಿಯಾನೋ ಕನ್ಚರ್ಟೊವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದ. ಅದೇ ಮಹಾರಾಜರು 94 ಕರ್ನಾಟಕ ಶೈಲಿಯ ಕೃತಿಗಳನ್ನೂ ರಚಿಸಿದರು. ಪಿಯಾನೋ ಬೇಕೋ, ವೀಣೆ ಬೇಕೋ ಎಂದು ಅವರು ಟೇಪು ಹಿಡಿದು ನಿಲ್ಲಬೇಕಾಗಿರಲಿಲ್ಲ. ಅರಮನೆಯಲ್ಲಿ ಎರಡಕ್ಕೂ ಜಾಗವಿತ್ತು.

ನನ್ನಪ್ಪನ ಮನೆಯಲ್ಲಿ ಇದ್ದದ್ದು ಒಂದು ಚಾಪೆಯ ಜಾಗ. ಚಾಪೆಗೆ ಒಪ್ಪುವ ಪಿಯಾನೋ ಹಾರ್ಮೋನಿಯಂ.

ಫ್ರಾನ್ಸಿನಲ್ಲಿ 1840ರ ದಶಕದಲ್ಲಿ ಅಲೆಕ್ಸಾಂಡರ್ ದಬ್ಯಾನ್ ಮಾಡಿದ ಹಾರ್ಮೋನಿಯಂ ಕಾಲಿನಲ್ಲಿ ತುಳಿಯುವ, ಕುರ್ಚಿಯಲ್ಲಿ ಕೂತು ನುಡಿಸುವ ವಾದ್ಯ. ನಾವು ನೆಲದ ಮೇಲೆ ಕೂರುವವರು. 1870ರ ದಶಕದಲ್ಲಿ ಕಲ್ಕತ್ತೆಯ ದ್ವಾರಕಾನಾಥ ಘೋಷ್ ಅದರ ಕಾಲು ತೆಗೆದು, ತಿದಿಯನ್ನು ಹಿಂಬದಿಗೆ ತಂದು ಕೈಯಲ್ಲಿ ಒತ್ತುವ ಹಾಗೆ ಮಾಡಿದರು. ತಲೆಯ ಮೇಲೆ ಹೊತ್ತು ಹಳ್ಳಿಯಿಂದ ಹಳ್ಳಿಗೆ ಹೋಗಬಹುದಾದ ಪೆಟ್ಟಿಗೆಯಾಯಿತು. ಆದರೆ ಚಿಕ್ಕದಾಗುವಾಗ ಏನನ್ನೋ ಬಿಟ್ಟುಕೊಡಬೇಕಾಗುತ್ತದೆ. ಎರಡು ಕೈಯಲ್ಲಿ ನುಡಿಸುವ ವಾದ್ಯ ಒಂದು ಕೈಯದಾಯಿತು. ಎಡಗೈ ತಿದಿಯ ಕೂಲಿಗೆ ಹೋಯಿತು. ಜೊತೆಗೆ ಇನ್ನೊಂದು ದೂರು. ನಮ್ಮ ಸಂಗೀತಕ್ಕೆ ಗಮಕ ಬೇಕು, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಬೇಕು. ಹಾರ್ಮೋನಿಯಂ ಜಾರುವುದಿಲ್ಲ, ಮನೆಯಿಂದ ಮನೆಗೆ ಜಿಗಿಯುತ್ತದೆ. ಅದೇ ಕಾರಣ ಕೊಟ್ಟು 1940ರಲ್ಲಿ ಆಕಾಶವಾಣಿ ಅದನ್ನು ಹೊರಗಿಟ್ಟಿತು. ಮತ್ತೆ ಒಳಗೆ ಬಿಟ್ಟುಕೊಂಡದ್ದು 1971ರಲ್ಲಿ, ಅದೂ ಷರತ್ತಿನ ಮೇಲೆ.

ಅಪ್ಪ ಗುಬ್ಬಿ ತಾಲ್ಲೂಕಿನ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಕಲಿಸುವ ಹಾರ್ಮೋನಿಯಂ ಮೇಷ್ಟ್ರು. 1884ರಲ್ಲಿ ಹುಟ್ಟಿ ಮುಂದೆ ವೀರಣ್ಣನವರ ಕೈಯಲ್ಲಿ ನಾಡಿಗೇ ಹೆಸರಾದ ಗುಬ್ಬಿ ಕಂಪನಿಯ ನೆಲ ಅದು. ಪ್ರತಿ ಹಳ್ಳಿಗೂ ಒಂದು ‘ಕುರುಕ್ಷೇತ್ರ’ ಆಡುವ ಹಂಬಲ. ಸುಗ್ಗಿ ಮುಗಿದ ಮೇಲೆ ಅಪ್ಪ ತಿಂಗಳುಗಟ್ಟಲೆ ಒಂದೊಂದು ಊರಲ್ಲಿ ಬಿಡಾರ ಹೂಡಿ, ಹಗಲು ಹೊಲ ಉತ್ತ ದುರ್ಯೋಧನನಿಗೆ ರಾತ್ರಿ ರಾಗ ಕಲಿಸುತ್ತಿದ್ದ. ರೇಡಿಯೋದ ಸುದ್ದಿ ಬಂದರೆ, ‘ಅದರೊಳಕ್ಕೆ ನಮ್ಮ ಪೆಟ್ಟಿಗೆ ಹೋಗಂಗಿಲ್ಲವಂತೆ ಕಣಮ್ಮ’ ಎಂದು ನಗುತ್ತಿದ್ದ. ಪಕ್ಕದಲ್ಲಿ ಕೂತು ಕೂತು ನನ್ನ ಬೆರಳೂ ಮನೆ ಹುಡುಕತೊಡಗಿತು. ಅಣ್ಣನಿಗೆ ಹೇಳಿಕೊಡಲು ಅಪ್ಪ ಒದ್ದಾಡಿದ, ಅವನಿಗೆ ಬರಲಿಲ್ಲ. ನನಗೆ ಯಾರೂ ಹೇಳಿಕೊಡಲಿಲ್ಲ, ಬಂತು. ಹೆಣ್ಣುಹುಡುಗಿ ನಾಟಕದ ಮೇಷ್ಟ್ರಾಗುವ ಕಾಲ ಅದಲ್ಲವಾದ್ದರಿಂದ ಬಂದದ್ದನ್ನು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ.

ಎಸ್ಸೆಸ್ಸೆಲ್ಸಿ ಮುಗಿಸಿ 1982ರಲ್ಲಿ ನಾನು ಬೆಂಗಳೂರಿಗೆ ಬಂದೆ. ಪೀಣ್ಯದ ಕೈಗಾರಿಕಾ ಪ್ರದೇಶದಲ್ಲಿ ಒಂದು ಸಣ್ಣ ಕಾರ್ಖಾನೆ. ಕೆಲಸ, ಹಸಿರು ಬೋರ್ಡಿನ ತೂತುಗಳಲ್ಲಿ ಬಿಡಿಭಾಗ ಕೂರಿಸಿ ಬೆಸುಗೆ ಹಾಕುವುದು. ಹೆಂಗಸರ ಬೆರಳು ಚುರುಕು ಎಂದು ಆ ಸಾಲಿಗೆ ಹೆಂಗಸರನ್ನೇ ತೆಗೆದುಕೊಳ್ಳುತ್ತಿದ್ದರು. ನನ್ನ ಬೆರಳು ಯಾಕೆ ಚುರುಕು ಎಂದು ನನಗೆ ಮಾತ್ರ ಗೊತ್ತಿತ್ತು. ಎರಡು ವರ್ಷಕ್ಕೆ ಮದುವೆ. ಯಜಮಾನರೂ ಪೀಣ್ಯದವರೇ, ಲೇತ್ ಮೇಲೆ ಕೆಲಸ. ದಾಸರಹಳ್ಳಿಯ ಒಂದು ವಠಾರದಲ್ಲಿ ಶೀಟು ಹೊದಿಸಿದ ಒಂದೇ ಕೋಣೆಯ ಮನೆ ಹಿಡಿದೆವು. 1986ರಲ್ಲಿ ಸುಧಾ ಹುಟ್ಟಿದಳು. ಅದೇ ವರ್ಷ ಅಪ್ಪ ತೀರಿಕೊಂಡ. ಅಣ್ಣನಿಗೆ ಬೇಡವಾದ ಪೆಟ್ಟಿಗೆ ನನ್ನ ಪಾಲಿಗೆ ಬಂತು. 37 ಮನೆ, ಮೂರು ಸ್ಥಾಯಿ.

ಪೆಟ್ಟಿಗೆಗೆ ಜಾಗ ಮಾಡಿದೆ, ಮಂಚದ ಕೆಳಗೆ. ನುಡಿಸಲು ಮಾತ್ರ ಜಾಗ ಸಿಗಲಿಲ್ಲ. ವಠಾರದ ಏಳು ಮನೆಗೂ ನಡುವೆ ಒಂದೊಂದೇ ಗೋಡೆ. ಒಬ್ಬರು ಬೆಳಗಿನ ಆರರ ಶಿಫ್ಟು, ಒಬ್ಬರು ಮಧ್ಯಾಹ್ನ ಎರಡರದ್ದು, ಒಬ್ಬರು ರಾತ್ರಿ ಹತ್ತರದ್ದು. ದಿನದ ಯಾವ ಹೊತ್ತಿಗೆ ನೋಡಿದರೂ ಯಾರೋ ಒಬ್ಬರು ನಿದ್ದೆಯಲ್ಲಿರುತ್ತಿದ್ದರು. ದುಡಿದು ಬಂದವರ ನಿದ್ದೆ ಕೆಡಿಸಲು ನನಗೇನು ಹಕ್ಕು? ಒಂದೆರಡು ಸಲ ನುಡಿಸಿದಾಗ ಗೋಡೆ ತಟ್ಟಿದರು. ತಟ್ಟಿದ್ದು ತಪ್ಪು ಎಂದು ಆಗಲೂ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ. ಆಮೇಲೆ ಒಂದು ಉಪಾಯ ಮಾಡಿಕೊಂಡೆ. ಮಗು ಮಲಗಿದ ಮೇಲೆ, ತಿದಿ ಒತ್ತದೆ, ಮನೆಗಳನ್ನು ಮಾತ್ರ ಒತ್ತುವುದು. ಗಾಳಿಯಿಲ್ಲದೆ ಹಿತ್ತಾಳೆಯ ನಾಲಗೆಗಳು ಮಾತಾಡುವುದಿಲ್ಲ. ಟಪ್ ಟಪ್ ಎಂದು ಮರದ ಸದ್ದಷ್ಟೇ. ರಾಗ ತಲೆಯೊಳಗೆ. ಹೀಗೆ ಐದು ವರ್ಷ ನುಡಿಸಿದ್ದೇನೆ, ಯಾರಿಗೂ ಕೇಳಿಸದ ಹಾಗೆ.

1988ರಲ್ಲಿ ನಡೆದ ಒಂದು ಸಂಗತಿ ಹೇಳಬೇಕು. ಪಕ್ಕದ ಬೀದಿಯಲ್ಲಿ ಹಾಡು ಹೇಳಿಕೊಡುತ್ತಿದ್ದ ಒಬ್ಬ ಹಿರಿಯ ಹೆಂಗಸು ತಮ್ಮ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ತಂದರು. ಮೊಮ್ಮಗ ಮೇಜಿನಿಂದ ಕೆಡವಿ ಅದು ಮೂಕವಾಗಿತ್ತು. ‘ನೀನು ಫ್ಯಾಕ್ಟರಿಯಲ್ಲಿ ಇಂಥದ್ದೇ ಮಾಡ್ತೀಯಂತಲ್ಲ, ನೋಡಮ್ಮ’ ಎಂದರು. ಮುಚ್ಚಳ ಬಿಚ್ಚಿದೆ. ಒಳಗೆ ನನ್ನ ಬೆಂಚಿನ ಮೇಲೆ ದಿನವೂ ಕಾಣುವಂಥದೇ ಹಸಿರು ಬೋರ್ಡು, ಅವೇ ಬಣ್ಣದ ಪಟ್ಟೆಯ ರೆಸಿಸ್ಟರುಗಳು. ಸ್ಪೀಕರಿನ ಒಂದು ತಂತಿ ಕಿತ್ತು ಬಂದಿತ್ತು. ಬೆಸುಗೆ ಹಾಕಿದೆ. ‘ಸಾ’ ಎಂದು ತುಂಬಿ ಬಂತು. ಕೈಯಲ್ಲಿ ಬೆಸುಗೆಯ ಕಡ್ಡಿ ಹಿಡಿದುಕೊಂಡೇ ಎಷ್ಟೋ ಹೊತ್ತು ಕೂತಿದ್ದೆ. ನಾವು ದಿನವಿಡೀ ಜೋಡಿಸುವ ಈ ಚೂರುಗಳಿಗೆ ಶ್ರುತಿ ಹಿಡಿಯಲು ಬರುತ್ತದೆ ಎಂಬುದು ನನಗೆ ಆವತ್ತಿನವರೆಗೆ ಹೊಳೆದೇ ಇರಲಿಲ್ಲ.

ಆ ಪೆಟ್ಟಿಗೆಗಳ ಜಾತಕವೂ ನಮ್ಮ ಬೆಂಗಳೂರಿನದೇ. ಎಚ್‌ಎಎಲ್‌ನಲ್ಲಿ ಎಂಜಿನಿಯರಾಗಿದ್ದ, ಕೊಳಲು ನುಡಿಸುತ್ತಿದ್ದ ಜಿ. ರಾಜನಾರಾಯಣ್ ಅವರು 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿಯನ್ನು ಹೊರತಂದರು. ಅವರ ರಾಡೆಲ್ ಸಂಸ್ಥೆ ಮುಂದೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ನೆಲೆಸಿತು. ತಾಳದ ಯಂತ್ರ, ಡಿಜಿಟಲ್ ವೀಣೆ ಕೂಡ ಮಾಡಿತು. ಎಲೆಕ್ಟ್ರಾನಿಕ್ ಸಿಟಿ ಎಂದರೆ ಗಾಜಿನ ಕಟ್ಟಡ, ಸಾಫ್ಟ್‌ವೇರು ಎಂದಷ್ಟೇ ಈಗಿನವರು ತಿಳಿದಿದ್ದಾರೆ. 1978ರಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಕಿಯೋನಿಕ್ಸ್ ಅದನ್ನು ಶುರುಮಾಡಿದಾಗ, ಅದರ ಮುಖ್ಯಸ್ಥರಾಗಿದ್ದ ಆರ್. ಕೆ. ಬಾಳಿಗಾ ಅವರ ಕನಸಿನಲ್ಲಿದ್ದದ್ದು ಎಲೆಕ್ಟ್ರಾನಿಕ್ ಸಾಮಾನು ತಯಾರಿಸುವ ಊರು. ತಂಬೂರಿಯೂ ಆ ಸಾಮಾನಿನಲ್ಲಿ ಸೇರಿತು ಎಂಬುದು ನನಗೆ ಇಷ್ಟವಾದ ಸಂಗತಿ. ಮನೆಯ ಮೂಲೆಯಲ್ಲಿ ಆಳೆತ್ತರ ನಿಲ್ಲುತ್ತಿದ್ದ ತಂಬೂರಿ ತರಕಾರಿ ಚೀಲದಲ್ಲಿ ಹೋಗುವಷ್ಟು ಸಣ್ಣದಾಯಿತು. ಬಾಡಿಗೆ ಮನೆಗಳಲ್ಲಿ ಎಷ್ಟು ಹೆಣ್ಣುಮಕ್ಕಳು ಅದರ ಜೊತೆ ಹಾಡಿದರೋ!

1991ರ ಜೂನಿನಲ್ಲಿ ಸುಧಾಳನ್ನು ಶಾಲೆಗೆ ಸೇರಿಸಬೇಕಾಯಿತು. ಇಂಗ್ಲಿಷ್ ಶಾಲೆ, ಡೊನೇಶನ್ ಕೇಳಿದರು. ಕೈಯಲ್ಲಿದ್ದದ್ದು ಸಾಲಲಿಲ್ಲ. ಹಾರ್ಮೋನಿಯಂ 650 ರೂಪಾಯಿಗೆ ಹೋಯಿತು. ಕೊಂಡವರು ಭಜನೆ ಮಂಡಳಿಯವರು. ಒಳ್ಳೆಯ ಕೈಗೇ ಹೋಯಿತು ಎಂದು ಸಮಾಧಾನ ಪಟ್ಟುಕೊಂಡೆ. ಮಗಳಿಗೆ ಹೇಳಲಿಲ್ಲ. ಐದು ವರ್ಷದ ಮಗುವಿಗೆ ಏನೆಂದು ಹೇಳುವುದು? ಆಮೇಲೆ ಹೇಳೋಣ ಎಂದರೆ ಆ ಆಮೇಲೆ ಬರಲೇ ಇಲ್ಲ. 2004ರಲ್ಲಿ ಕಾರ್ಖಾನೆ ಮುಚ್ಚಿತು. ಕೆಲವು ವರ್ಷಗಳ ಮೇಲೆ ಯಜಮಾನರು ಹೋದರು. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಹಿಡಿದ ಮಗಳ ಜೊತೆ ನಾನು ಊರಿನ ಈ ತುದಿಗೆ ಬಂದೆ.

ಈಗ ಆರಿಸುವ ಮಾತಿಗೆ ಬರುತ್ತೇನೆ. ಯಾಕೆಂದರೆ ನಿಮ್ಮ ಮನೆಯಲ್ಲೂ ಇಂದಲ್ಲ ನಾಳೆ ಯಾವುದೋ ಮಗು ಕೀಬೋರ್ಡ್ ಬೇಕು ಎನ್ನುತ್ತದೆ.

ಅಂಗಡಿಗೆ ಹೋಗುವ ಮುಂಚೆ ಈ ಯಂತ್ರಗಳು ನಡೆದು ಬಂದ ದಾರಿಯನ್ನು ಮೇಘನಾ ನನಗೆ ಪಾಠ ಮಾಡಿದಳು. ಅಮೆರಿಕದ ರಾಬರ್ಟ್ ಮೂಗ್ 1964ರಲ್ಲಿ ಮಾಡಿದ ಸಿಂಥಸೈಸರ್ ಬೀರುವಿನ ಗಾತ್ರದ್ದು. 1970ರಲ್ಲಿ ಬಂದ ಮಿನಿಮೂಗ್ ಎತ್ತಿಕೊಂಡು ಹೋಗುವಂಥದ್ದು, ಆದರೆ ಕೊಳಲಿನ ಹಾಗೆ ಒಂದು ಸಲಕ್ಕೆ ಒಂದೇ ಸ್ವರ. 1983ರಲ್ಲಿ ಯಮಾಹಾದ ಡಿಎಕ್ಸ್7 ಬಂತು, ಒಟ್ಟಿಗೆ 16 ಸ್ವರ. ಅದೇ ವರ್ಷ ಮಿಡಿ ಎಂಬ ಒಪ್ಪಂದವೂ ಬಂತು. ಬೇರೆ ಬೇರೆ ಕಂಪನಿಯ ವಾದ್ಯಗಳು ಒಂದು ತಂತಿಯ ಮೂಲಕ ಮಾತಾಡಿಕೊಳ್ಳಬಹುದಾಯಿತು. ಅಮೆರಿಕದ ಡೇವ್ ಸ್ಮಿತ್, ಜಪಾನಿನ ಇಕುತಾರೊ ಕಕೆಹಾಶಿ ಇಬ್ಬರಿಗೂ 2013ರಲ್ಲಿ ಅದಕ್ಕಾಗಿ ಗ್ರ್ಯಾಮಿ ಮನ್ನಣೆ ಸಿಕ್ಕಿತು. 1988ರ ಕೋರ್ಗ್ ಎಂ1ರಲ್ಲಿ ಸ್ಯಾಂಪಲ್ ಮಾಡಿದ ಪಿಯಾನೋ ಸಿಂಥಸೈಸರಿನೊಳಗೇ ಕೂತಿತು. ನಾನು ದಾಸರಹಳ್ಳಿಯಲ್ಲಿ ಶ್ರುತಿಪೆಟ್ಟಿಗೆಗೆ ಬೆಸುಗೆ ಹಾಕಿದ ವರ್ಷ ಅದು. ನಮ್ಮ ಗಣೇಶನ ಹಬ್ಬದ ಆರ್ಕೆಸ್ಟ್ರಾಗಳಿಗೆ ಇವೆಲ್ಲದರ ಚಿಕ್ಕ ತಮ್ಮಂದಿರು ಬಂದರು. ಯಾವ ಕಂಪನಿಯದಾದರೂ ನಾವು ‘ಕ್ಯಾಸಿಯೋ’ ಎಂದೇ ಕರೆದೆವು.

ಅಂಗಡಿಯಲ್ಲಿ ಮೊದಲು ನೋಡಿದ್ದು ಕೋರ್ಗ್ ಮಿನಿಲಾಗ್. ಮೇಘನಾಗೆ ಅದರ ತಿರುಗುಣಿಗಳ ಮೇಲೆ ಕಣ್ಣು. ಸದ್ದು ಮಾಡುವುದರಲ್ಲಿ ಗಟ್ಟಿ ಕೈ. ಆದರೆ 37 ಸಣ್ಣ ಕೀ, ಒಟ್ಟಿಗೆ ನಾಲ್ಕೇ ಸ್ವರ. ಪಿಯಾನೋದಲ್ಲಿ ಪೆಡಲ್ ತುಳಿದರೆ ಬೆರಳೆತ್ತಿದ ಸ್ವರವೂ ನಿಂತಿರುತ್ತದೆ. ಎರಡು ಕೈ ಓಡಾಡುವಾಗ ಹತ್ತು ಹನ್ನೆರಡು ಸ್ವರ ಒಟ್ಟಿಗೆ ಉಳಿಯಬೇಕು. ನಾಲ್ಕು ಒಲೆಯಿರುವ ಸ್ಟೌವಿನಲ್ಲಿ ಐದನೆಯ ಪಾತ್ರೆ ಇಡಬೇಕಾದರೆ ಒಂದನ್ನು ಇಳಿಸಲೇಬೇಕಲ್ಲ? ಹಾಗೆ ಐದನೆಯ ಸ್ವರ ಬಂದಾಗ ಮೊದಲನೆಯದು ಸಾಯುತ್ತದೆ. ಸುಧಾಗೆ ಮೆಚ್ಚಿಗೆಯಾದದ್ದು ಯಮಾಹಾ ರೀಫೇಸ್ ಸಿಪಿ. ಎರಡು ಕಿಲೋ ಕೂಡ ಇಲ್ಲ, ಬ್ಯಾಟರಿಯಲ್ಲೂ ನಡೆಯುತ್ತದೆ, ಊಟದ ಮೇಜಿನ ಮೇಲೆ ಇಡಬಹುದು. ಒಲೆಗಳೂ ಧಾರಾಳ. ಆದರೆ ಅದರಲ್ಲಿ ಇರುವುದು ಎಲೆಕ್ಟ್ರಿಕ್ ಪಿಯಾನೋದಂಥ ಸ್ವರಗಳು, ಮರದ ಪಿಯಾನೋದ್ದಲ್ಲ. ಕೀ ಮತ್ತೆ 37. ಅಪ್ಪನ ಪೆಟ್ಟಿಗೆಯಷ್ಟೇ ಮನೆ. ಆದರೆ ಅಪ್ಪನ ಮನೆಗಳು ಅಗಲವಾಗಿದ್ದವು. ಬೆಳೆಯುವ ಮಗುವಿನ ಬೆರಳು ಇಕ್ಕಟ್ಟಿನ ಮನೆಯಲ್ಲಿ ಅಭ್ಯಾಸವಾದರೆ ನಾಳೆ ದೊಡ್ಡ ಪಿಯಾನೋ ಮುಂದೆ ತಡಕಾಡುತ್ತದೆ. ಇನ್ನು ಟೀಚರು ಹೇಳಿದ 88 ತೂಕದ ಕೀಗಳ ಡಿಜಿಟಲ್ ಪಿಯಾನೋ. ಎಲ್ಲಕ್ಕಿಂತ ಚೆನ್ನಾಗಿತ್ತು. ಉದ್ದ ಒಂದೂಕಾಲು ಮೀಟರಿಗೂ ಹೆಚ್ಚು. ನನ್ನ ಟೇಪು ಒಪ್ಪಲಿಲ್ಲ. ಸದ್ದನ್ನು ಕಡೆದು ಮಾಡುವ ಗುಣವೂ ಅದಕ್ಕಿರಲಿಲ್ಲ.

ಹಾಗಾಗಿ ನಮಗೆ ಉಳಿದದ್ದು ನಡುವಿನ ಜಾತಿ: ಪೂರ್ಣ ಅಗಲದ 61 ಕೀ, ಒಳಗೆ ಪಿಯಾನೋದ ಸ್ಯಾಂಪಲ್, ಜೊತೆಗೆ ಸಿಂಥ್. ಹೊಸದರ ಬೆಲೆ ಕೇಳಿ ಇಬ್ಬರೂ ಸುಮ್ಮನಾದೆವು. ಆಗ ಸುಧಾಳ ಆಫೀಸಿನಲ್ಲಿ ಯಾರೋ ಹೇಳಿದರು: ವೈಟ್‌ಫೀಲ್ಡಿನಲ್ಲಿ ಒಬ್ಬ ಹುಡುಗ ಜರ್ಮನಿಗೆ ಹೊರಟಿದ್ದಾನೆ, ಅವನ ರೋಲಾಂಡ್ ಜೂನೋ-ಡಿಎಸ್ 61 ಮಾರಾಟಕ್ಕಿದೆ. 2015ರಲ್ಲಿ ಬಂದ ಮಾದರಿ, 128 ಸ್ವರ, ತೂಕ ಐದೂ ಚಿಲ್ಲರೆ ಕಿಲೋ, ಉದ್ದ 101 ಸೆಂಟಿಮೀಟರ್. ಮೂವರೂ ಮೆಟ್ರೋ ಹತ್ತಿದೆವು. ಹಳದಿ ಗಾಡಿ, ಹಸಿರು ಗಾಡಿ, ನೇರಳೆ ಗಾಡಿ. ಹಸಿರು ಗಾಡಿಯಲ್ಲಿ ಮೆಜೆಸ್ಟಿಕ್ಕಿನಲ್ಲಿ ಇಳಿಯದೆ ಹಾಗೇ ಕೂತಿದ್ದರೆ ಪೀಣ್ಯ ಬರುತ್ತಿತ್ತು. ಇಳಿದೆ.

ವೈಟ್‌ಫೀಲ್ಡಿಗೆ ನಾನು ಹೋದದ್ದು ಅದೇ ಮೊದಲು. 1882ರಲ್ಲಿ ಚಾಮರಾಜ ಒಡೆಯರು ಆಂಗ್ಲೋ-ಇಂಡಿಯನ್ನರ ಸಂಘಕ್ಕೆ 3,900 ಎಕರೆ ಕೊಟ್ಟು ಹುಟ್ಟಿದ ಊರು ಅದು. ಸಂಘದ ಮುಂದಾಳು ಡಿ. ಎಸ್. ವೈಟ್ ಅವರ ಹೆಸರೇ ಊರಿಗಾಯಿತು. ಹೆಂಚಿನ ಮನೆ, ತೋಟ, ಚರ್ಚು ಇದ್ದ ಹಳ್ಳಿ. ಪಿಯಾನೋ ಇಡಲು ಹಜಾರವಿದ್ದ ಮನೆಗಳು. ಈಗ ನಾವು ಹೋದದ್ದು ಹದಿನಾಲ್ಕನೆಯ ಮಹಡಿಗೆ. ಆ ಹುಡುಗನ ಕೋಣೆ ನಮ್ಮ ಕೋಣೆಗಿಂತ ದೊಡ್ಡದೇನಲ್ಲ. ಬೆಳಗಾವಿ ಕಡೆಯವನು. ‘ಬರ್ರೀ ಅಮ್ಮಾರ, ಕೂಡ್ರಿ’ ಎಂದು ಇದ್ದ ಒಂದೇ ಕುರ್ಚಿಯನ್ನು ನನಗೆ ಎಳೆದು ಕೊಟ್ಟ.

ಇಪ್ಪತ್ತೆರಡು ವರ್ಷ ಕಾರ್ಖಾನೆಯಲ್ಲಿದ್ದವಳು, ಪರೀಕ್ಷೆ ಮಾಡದೆ ಸಾಮಾನು ಒಪ್ಪಿಕೊಳ್ಳುತ್ತೇನೆಯೆ? ಪ್ರತಿ ಕೀಯನ್ನೂ ಒಂದು ಸಲ ಮೆಲ್ಲಗೆ, ಒಂದು ಸಲ ಜೋರಾಗಿ ಒತ್ತಿಸಿದೆ. ಮೇಘನಾಗೆ ಪೆಡಲ್ ತುಳಿಯಲು ಹೇಳಿ, ಕೆಳಗಿನ ಒಂದು ಸ್ವರ ಹಿಡಿಸಿ, ಮೇಲೆ ಎರಡು ಕೈಯಲ್ಲೂ ಓಡಿಸಿದೆ. ಕೆಳಗಿನದು ಸಾಯಲಿಲ್ಲ. ಹೆಡ್‌ಫೋನ್ ಸಿಕ್ಕಿಸುವ ತೂತು ಅಲುಗಾಡಿಸಿ ನೋಡಿದೆ, ಬೆಸುಗೆ ಗಟ್ಟಿಯಿತ್ತು. ಹುಡುಗ ನಗುತ್ತಿದ್ದ. ‘ನೀವು ನುಡಸ್ತೀರೇನ್ರೀ?’ ಎಂದ. ‘ಹಾರ್ಮೋನಿಯಂ, ಯಾವ ಕಾಲದಲ್ಲೋ’ ಎಂದುಬಿಟ್ಟೆ. ಸುಧಾ ಫೋನಿನಿಂದ ತಲೆಯೆತ್ತಿದಳು. ಹುಡುಗ ಮಾತ್ರ ಸಹಜವಾಗಿ, ‘ನಮ್ಮ ಅಜ್ಜ ರಾಮಭಾವು ಬಿಜಾಪುರೆ ಅವರ ಪೇಟಿ ಕೇಳಾಕ ಎಲ್ಲಿದ್ರೂ ಹೋಗ್ತಿದ್ದರಿ’ ಎಂದ. ಆಕಾಶವಾಣಿ ಹೊರಗಿಟ್ಟ ಪೆಟ್ಟಿಗೆಯನ್ನು ಒಂಟಿಯಾಗಿ ನುಡಿಸಿ ಕಛೇರಿ ಮಾಡಿದ ಬೆಳಗಾವಿಯ ಹಿರಿಯರು ಅವರು (1917–2010). ‘ನುಡಸ್ರಿ ಅಮ್ಮಾರ’ ಎಂದ.

ಬಲಗೈ ಇಟ್ಟೆ. ಮೂವತ್ತನಾಲ್ಕು ವರ್ಷ. ಮೋಹನದ ಐದು ಸ್ವರ ಹುಡುಕದೆ ಸಿಕ್ಕವು. ಎಡಗೈ ಸುಮ್ಮನೆ ಪಕ್ಕಕ್ಕೆ ಹೋಗಿ ತಿದಿ ಹುಡುಕಿತು. ಅಲ್ಲಿ ತಿದಿಯಿರಲಿಲ್ಲ, ಒಂದು ಸಣ್ಣ ಹಿಡಿಯಿತ್ತು. ‘ಅದನ್ನು ಸರಿಸು ಅಜ್ಜಿ’ ಎಂದಳು ಮೇಘನಾ. ಸರಿಸಿದೆ. ಗಾಂಧಾರ ಮೇಲಕ್ಕೆ ಜಾರಿ ಮತ್ತೆ ಇಳಿಯಿತು. 1940ರಲ್ಲಿ ನಮ್ಮ ಪೆಟ್ಟಿಗೆಗೆ ಬಾರದು ಎಂದು ಹೊರಗೆ ಹಾಕಿದ್ದರಲ್ಲ, ಅದೇ ಜಾರು. ಒಳ್ಳೆಯ ವೈಣಿಕರ ಗಮಕಕ್ಕೆ ಇದು ಸಮವೆಂದು ಹೇಳುವಷ್ಟು ಮೂರ್ಖಳಲ್ಲ ನಾನು. ಒಂದು ಸ್ವರ ಜಾರಿಸಿದರೆ ಜೊತೆಗೆ ಒತ್ತಿದ್ದೆಲ್ಲವೂ ಜಾರುತ್ತದೆ; ಪಿಯಾನೋದ ಸ್ವರಕ್ಕಂತೂ ಅದು ಒಪ್ಪುವುದೇ ಇಲ್ಲ. ಆದರೂ ತಿದಿಯ ಕೂಲಿಗೆ ಹೋಗಿದ್ದ ಎಡಗೈಗೆ ಕೊನೆಗೂ ಸಂಗೀತದ ಕೆಲಸ ಸಿಕ್ಕಿತ್ತು.

35,000 ರೂಪಾಯಿಗೆ ಮಾತಾಯಿತು. ಸುಧಾ ಫೋನ್ ತೆಗೆದಳು. ‘ಬೇಡ, ನನ್ನ ಆರ್‌ಡಿ ಬಂದಿದೆ, ನಾನೇ ಕೊಡ್ತೀನಿ’ ಎಂದೆ. ಟ್ಯಾಕ್ಸಿಯಲ್ಲಿ ಹೊರವರ್ತುಲ ರಸ್ತೆಯ ಟ್ರಾಫಿಕ್ಕಿನಲ್ಲಿ ಎರಡು ಗಂಟೆ, ಮಡಿಲ ಮೇಲೆ ಮಗುವಿನ ಹಾಗೆ ವಾದ್ಯ ಮಲಗಿಸಿಕೊಂಡು ಬಂದೆವು. ಸುಧಾ ಏನೂ ಕೇಳಲಿಲ್ಲ. ಕೇಳಲು ಹೊರಟು ಎರಡು ಸಲ ನಿಲ್ಲಿಸಿದಳು.

ಬಿಟ್ಟುಕೊಟ್ಟದ್ದನ್ನೂ ಹೇಳಬೇಕಲ್ಲ. ಇದರ ಕೀಗೆ ತೂಕವಿಲ್ಲ. ತಿಂಗಳು ಕಳೆದ ಮೇಲೆ ಟೀಚರು, ‘ಮೇಘನಾಳ ಮೆಲುದನಿಯಲ್ಲಿ ಹಿಡಿತ ಸಾಲದು’ ಎಂದರು. ವಾರಕ್ಕೆ ಎರಡು ದಿನ ಅವರ ಪಿಯಾನೋದ ಮೇಲೇ ಅಭ್ಯಾಸ ಮಾಡಲು ಕೇಳಿಕೊಂಡೆವು, ಒಪ್ಪಿದರು. ಮುಂದೆ ದೊಡ್ಡ ಮನೆಯಾದರೆ 88 ಕೀಗಳದ್ದನ್ನು ತಂದು ಮಿಡಿ ತಂತಿಯಲ್ಲಿ ಇದಕ್ಕೇ ಜೋಡಿಸಬಹುದು. ಆದ್ದರಿಂದ ನಿಮಗೆ ನಾನು ಹೇಳುವುದಿಷ್ಟು: ಕೀಗಳ ಅಗಲದಲ್ಲಿ, ಒಟ್ಟಿಗೆ ನಿಲ್ಲುವ ಸ್ವರಗಳಲ್ಲಿ, ಪೆಡಲಿನಲ್ಲಿ, ಹೆಡ್‌ಫೋನಿನಲ್ಲಿ ರಾಜಿ ಮಾಡಿಕೊಳ್ಳಬೇಡಿ. ಕೀಗಳ ಸಂಖ್ಯೆಯಲ್ಲಿ, ತೂಕದಲ್ಲಿ ಮಾಡಿಕೊಂಡರೆ ಮುಂದೆ ತುಂಬಿಕೊಳ್ಳಬಹುದು. ಪರೀಕ್ಷೆಗೆ ಕೂರುವ ಮಗುವಾದರೆ ತೂಕವನ್ನೂ ಬಿಡಬೇಡಿ, ಸಿಂಥನ್ನು ಬಿಡಿ.

ಅವತ್ತು ರಾತ್ರಿ ಮೇಘನಾ ಮಲಗಿದ ಮೇಲೆ ನಾನು ಹೆಡ್‌ಫೋನ್ ಹಾಕಿಕೊಂಡು ಕೂತೆ. ಕಿವಿಯೊಳಗೆ ಇಡೀ ಹಜಾರ ತುಂಬುವಷ್ಟು ಸದ್ದು; ಹೊರಗೆ ಏನೂ ಇಲ್ಲ ಎಂದುಕೊಂಡಿದ್ದೆ. ಹನ್ನೊಂದೂವರೆಗೆ ಮೀಟಿಂಗ್ ಮುಗಿಸಿದ ಸುಧಾ ಬಂದು ಬಾಗಿಲಲ್ಲಿ ನಿಂತಳು. ಹೆಡ್‌ಫೋನ್ ತೆಗೆದೆ.

‘ಏನೂ ಕೇಳಿಸಲ್ಲಮ್ಮಾ. ಬರೀ ಟಪ್ ಟಪ್ ಅಂತ ಸದ್ದು’ ಎಂದಳು. ಆಮೇಲೆ ಬಂದು ಮಂಚದ ಮೇಲೆ ಕೂತು, ತುಸು ಹೊತ್ತು ಕೀಗಳನ್ನೇ ನೋಡುತ್ತಾ, ‘ಈ ಸದ್ದು ನನಗೆ ಗೊತ್ತಿರೋ ಹಾಗಿದೆ. ಎಲ್ಲಿ ಕೇಳಿದ್ದು ಅಂತ ನೆನಪಾಗ್ತಿಲ್ಲ’ ಎಂದಳು.

‘ದಾಸರಹಳ್ಳಿಯಲ್ಲಿ’ ಎಂದೆ. ಹೆಡ್‌ಫೋನನ್ನು ಅವಳ ಕೈಗೆ ಕೊಟ್ಟು, ಪಕ್ಕಕ್ಕೆ ಸರಿದು ಜಾಗ ಮಾಡಿದೆ.